ಸೆಕೆಂಡ್ ಶೋ ಬಿಟ್ಟ ಮೇಲೆ: ಅಮ್ಮನಿಗೆ ಆಪರೇಷನ್!

ಈ ವಾರದ ಕಾಗದಗಳ ಕಟ್ಟು ಬಿಚ್ಚಿದೆ. ಮುಕ್ಕಾಲು ಪಾಲು ಅದೇ ಹಳೇ ಜಗಳ. ನಿಮ್ಮ ಬಾಸ್ ದೊಡ್ಡೋರಾ, ನಮ್ಮ ಬಾಸ್ ದೊಡ್ಡೋರಾ! ಒಂದಷ್ಟು ಜನ ನಾಯಕಿಯರ ಮನೆ ವಿಳಾಸ ಕೇಳಿದ್ದಾರೆ. (ನನಗೂ ಗೊತ್ತಿಲ್ಲ ಕಣ್ರಯ್ಯಾ, ಗೊತ್ತಿದ್ದರೂ ಕೊಡೋನಲ್ಲ.) ಎಲ್ಲಾ ಪಕ್ಕಕ್ಕಿಟ್ಟು ಒಂದೇ ಒಂದು ಕಾಗದ ಕೈಯಲ್ಲಿ ಹಿಡಿದು ಕೂತಿದ್ದೇನೆ. ನಾಲ್ಕು ಪುಟ. ದಾವಣಗೆರೆ ಕಡೆಯ ಹುಡುಗ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ಊರಿನ ಅಭಿಮಾನಿ ಸಂಘಕ್ಕೆ ಕಾರ್ಯದರ್ಶಿ. ಹೆಸರು ಹಾಕಬೇಡಿ ಸಾರ್ ಅಂದಿದ್ದಾನೆ. ಹಾಕೋದಿಲ್ಲ.

ಅವನ ಅಮ್ಮನಿಗೆ 43 ವರ್ಷ. ಎರಡು ವರ್ಷದಿಂದ ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತಸ್ರಾವ. ಸ್ಕ್ಯಾನಿಂಗ್ ಮಾಡಿಸಿದರೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು. ಹಿಮೋಗ್ಲೋಬಿನ್ 7. "ಗರ್ಭಕೋಶ ತೆಗೆದುಬಿಡೋಣ, ಜೊತೆಗೆ ಅಂಡಾಶಯಾನೂ ತೆಗೆದರೆ ಮುಂದೆ ತಲೆನೋವಿಲ್ಲ" ಅಂದರಂತೆ ಡಾಕ್ಟರು. ಆಪರೇಷನ್‌ಗೆ ಇನ್ನು ಮೂರು ವಾರ. ಮುಂದಿನದು ಅವನ ಮಾತಲ್ಲೇ ಕೇಳಿ:

"ಸಾರ್, ಅಮ್ಮ ರಾತ್ರಿ ನಿದ್ದೆ ಮಾಡ್ತಿಲ್ಲ. ಬೀರು ಕೀಲಿ ಎಲ್ಲಿದೆ, ಓಲೆ ಯಾವ ಡಬ್ಬೀಲಿದೆ ಅಂತ ತಂಗಿಗೆ ತೋರಿಸಿಕೊಟ್ಟಿದ್ದಾಳೆ. ನನ್ನ ಕಡೆ ನೋಡಿ, ನಿನ್ನ ಮದುವೆ ನೋಡ್ತೀನೋ ಇಲ್ವೋ ಅಂತಾಳೆ. ಪಕ್ಕದ ಮನೆ ಅತ್ತೆ ಬಂದು, ಅದನ್ನ ತೆಗೆಸಿದ್ರೆ ಹೆಂಗಸು ಗಂಡಸಿನ ಹಂಗಾಗ್ತಾಳೆ, ಮೀಸೆ ಬರ್ತದೆ, ಬುದ್ಧಿ ಕೆಡ್ತದೆ ಅಂದು ಹೋದಳು. ಅಪ್ಪ ಮಾತೇ ಆಡಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡ್ತಾನೆ. ನಾನು ಗಂಡು ಹುಡುಗ. ಈ ವಿಷಯ ಅಮ್ಮನ ಹತ್ರ ಹೆಂಗೆ ಮಾತಾಡ್ಲಿ ಸಾರ್? ನಿಮ್ಮನ್ನ ಬಿಟ್ಟರೆ ಕೇಳೋಕೆ ಯಾರೂ ಸಿಗಲಿಲ್ಲ."

ತಮ್ಮಾ, ಸಿನಿಮಾ ಪತ್ರಿಕೆಯವನಿಗೆ ಈ ಕಾಗದ ಬರೆಯಲು ನಿನಗೆಷ್ಟು ಸಂಕೋಚ ಆಗಿರಬಹುದು ಅಂತ ನನಗೆ ಗೊತ್ತು. ನನಗೆ ನಿನ್ನ ವಯಸ್ಸಿದ್ದಾಗ ಆ ಧೈರ್ಯ ಇರಲಿಲ್ಲ. ಅದನ್ನೇ ಮೊದಲು ಹೇಳಿಬಿಡ್ತೀನಿ.

1986. 'ಆನಂದ್' ನಮ್ಮೂರಿಗೆ ಬಂದ ವಾರ. ಅಣ್ಣಾವ್ರ ಮಗನ ಮೊದಲ ಚಿತ್ರ! ಊರಿಗೆ ಊರೇ ಟಾಕೀಸಿನ ಮುಂದೆ. ಆ ಬೆಳಿಗ್ಗೆ ನಮ್ಮಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರು. "ಹೊಟ್ಟೆ ಆಪರೇಷನ್" ಅಂತ ಮಾತ್ರ ಹೇಳಿದ್ದರು. ಯಾವ ಹೊಟ್ಟೆ, ಏನು ಆಪರೇಷನ್, ಕೇಳಲಿಲ್ಲ. ಹೆಂಗಸರ ವಿಷಯ ಅಂತ ಅರೆಬರೆ ಗೊತ್ತಾಗಿತ್ತು, ಗೊತ್ತಾದ ಕೂಡಲೇ ಕಾಲಿಗೆ ಬುದ್ಧಿ ಹೇಳಿದೆ. ಅಮ್ಮ ಥಿಯೇಟರ್ ಒಳಗೆ, ನಾನೂ ಥಿಯೇಟರ್ ಒಳಗೆ! ಅವರದು ಬೇರೆ ಥಿಯೇಟರ್ ಅಷ್ಟೆ. ಸಂಜೆ ಹೋಗಿ ಮಂಚದ ಪಕ್ಕ ನಿಂತಾಗ ಅಮ್ಮ, "ಪಿಕ್ಚರ್ ಚೆನ್ನಾಗಿತ್ತೇನೋ?" ಅಂದರು. ಅಷ್ಟು ನೋವಲ್ಲೂ!

ಅಮ್ಮ ಮನೆಗೆ ಬಂದರು. ಅವರಿಗಾಗ 41. ಡಿಸೆಂಬರ್ ತಿಂಗಳು, ಸೆಕೆಂಡ್ ಶೋ ಮುಗಿಸಿ ಒಂದು ಗಂಟೆ ರಾತ್ರಿಗೆ ಮನೆಗೆ ಬಂದರೆ ಅಮ್ಮ ಜಗುಲಿ ಮೇಲೆ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ತಿದ್ದರು. ರವಿಕೆ ಒದ್ದೆ. "ಒಳಗೆ ಸೆಖೆ ಕಣೋ" ಅಂದರು. "ಡಿಸೆಂಬರ್‌ನಲ್ಲಿ ಸೆಖೆನಾ!" ಅಂತ ನಕ್ಕು ಹೋಗಿ ಮಲಗಿದೆ. ಆಮೇಲೆ ಅದು ಮನೆಯಲ್ಲಿ ತಮಾಷೆಯೇ ಆಗಿಹೋಯಿತು. ಸಣ್ಣ ಮಾತಿಗೆ ರೇಗೋರು, ಕಾರಣ ಇಲ್ಲದೆ ಅಳೋರು. "ಅಮ್ಮನಿಗೆ ತಲೆ ಕೆಟ್ಟಿದೆ" ಅಂತ ಅಪ್ಪನೂ ನಾವೂ ತೀರ್ಮಾನ ಮಾಡಿದ್ದೆವು. ಅಮ್ಮನೂ ಹಾಗೇ ನಂಬಿದ್ದರು ಅಂತ ಕಾಣುತ್ತೆ. ಅದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

2008ರಲ್ಲಿ ಬಚ್ಚಲಲ್ಲಿ ಜಾರಿ ಅಮ್ಮನ ಸೊಂಟದ ಮೂಳೆ ಮುರೀತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಇವರಿಗೆ ಮುಟ್ಟು ನಿಂತಿದ್ದು ಯಾವಾಗ?" ಅಂದರು. ಮೂಳೆಗೂ ಮುಟ್ಟಿಗೂ ಏನು ಸಂಬಂಧ ಅಂತ ನಾನು ಬೆಪ್ಪಾಗಿ ನಿಂತೆ. ಟ್ರಂಕಿನಲ್ಲಿ ಹಳೇ ರೇಷನ್ ಕಾರ್ಡಿನ ಜೊತೆ ಆ 1986ರ ಡಿಸ್ಚಾರ್ಜ್ ಚೀಟಿ ಸಿಕ್ಕಿತು. ತೋರಿಸಿದೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರು! ಅಮ್ಮನಿಗೂ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. 22 ವರ್ಷ ಆ ಚೀಟಿ ಇಂಗ್ಲಿಷಿನಲ್ಲಿ ಟ್ರಂಕಿನೊಳಗೆ ಮಲಗಿತ್ತು. ಯಾವ ಆಸ್ಪತ್ರೆ ಅಂತ ಈಗ ಬೇಡ. ಆ ಆಸ್ಪತ್ರೇನೂ ಇಲ್ಲ, ಅಮ್ಮನೂ ಇಲ್ಲ.

ಈಗ ನಿನ್ನ ವಿಷಯಕ್ಕೆ ಬಾ. ಪಕ್ಕದ ಮನೆ ಅತ್ತೆ, ನಿಮ್ಮಪ್ಪ, ನೀನು, ಎಲ್ಲಾ ಸೇರಿ ಎರಡು ಬೇರೆ ಬೇರೆ ಸಂಗತಿಗಳನ್ನ ಒಂದೇ ಮೂಟೆ ಕಟ್ಟಿದ್ದೀರಿ. ಮೊದಲು ಆ ಮೂಟೆ ಬಿಚ್ಚಬೇಕು.

ಗರ್ಭಕೋಶ ಅನ್ನೋದು ಮಗು ಬೆಳೆಯೋ ಚೀಲ. ಅದನ್ನು ತೆಗೆದರೆ ಮುಟ್ಟು ಬರೋದಿಲ್ಲ, ಮಗು ಆಗೋದಿಲ್ಲ. ಅಂಡಾಶಯ ಬೇರೆ. ಗರ್ಭಕೋಶದ ಅಕ್ಕಪಕ್ಕ ಎರಡಿವೆ, ಬಾದಾಮಿಕಾಯಿಯಷ್ಟು ಗಾತ್ರ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಮುಖ್ಯವಾಗಿ ಬರೋದು ಅಲ್ಲಿಂದ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೆ ಅವು ಸಾಮಾನ್ಯವಾಗಿ ತಮ್ಮ ಕೆಲಸ ಮಾಡ್ತಾ ಇರುತ್ತವೆ. ಬೇರೆಯವರಿಗಿಂತ ಒಂದೆರಡು ವರ್ಷ ಮೊದಲೇ ನಿಲ್ಲಬಹುದು, ಅಷ್ಟೆ. ಎರಡನ್ನೂ ತೆಗೆದರೆ ಮಾತ್ರ ಬೇರೆ ಕಥೆ. ಸಹಜವಾಗಿ ಮುಟ್ಟು ನಿಲ್ಲೋದು ವರ್ಷಗಟ್ಟಲೆ ನಿಧಾನಕ್ಕೆ ಆಗೋ ಕೆಲಸ. ಸಂಜೆ ಆಗ್ತಾ ಆಗ್ತಾ ಕತ್ತಲಾದ ಹಾಗೆ. ಇಲ್ಲಿ ಕರೆಂಟ್ ಹೋದ ಹಾಗೆ! ಕೆಲವೇ ದಿನದಲ್ಲಿ ಹಾರ್ಮೋನು ಇಳಿದುಬಿಡುತ್ತದೆ. ಇದ್ದಕ್ಕಿದ್ದ ಹಾಗೆ ಮುಖ ಎದೆ ಕುತ್ತಿಗೆ ಬಿಸಿಯೇರಿ ಬೆವರು, ನಡುರಾತ್ರಿ ಎಚ್ಚರ, ರೇಗು, ಅಳು, ಮರೆವು. ವರ್ಷಗಳು ಕಳೆದಂತೆ ಮೂಳೆ ಸವೆಯೋದು, ಹೃದಯದ ತೊಂದರೆ ಹೆಚ್ಚೋದು. ನಮ್ಮಮ್ಮನಿಗೆ ಆಗಿದ್ದು ಇದೇ. ಅದಕ್ಕೆ ಹೆಸರಿತ್ತು, ಔಷಧವಿತ್ತು. ನಮಗೆ ಗೊತ್ತಿರಲಿಲ್ಲ.

ಮೀಸೆ? ಆಪರೇಷನ್ ಆದ ಹೆಂಗಸು ಗಂಡಸಾಗೋದಿಲ್ಲ ಕಣಪ್ಪಾ. ಬುದ್ಧೀನೂ ಕೆಡೋದಿಲ್ಲ. ಇನ್ನು ಕೆಲವು ಹೆಂಗಸರಿಗೆ ಒಂದು ವಿಚಿತ್ರ ಭಯ ಇರುತ್ತೆ, "ಒಳಗೆ ಆ ಜಾಗ ಟೊಳ್ಳಾಗಿ ಉಳಿಯುತ್ತಾ?" ಅಂತ. ಉಳಿಯೋದಿಲ್ಲ, ಸುತ್ತಲಿನ ಕರುಳು ಆ ಜಾಗಕ್ಕೆ ಬಂದು ಕೂರುತ್ತದೆ. ನಿಮ್ಮಮ್ಮನಿಗೆ ಇದು ಹೇಳು, ಕೇಳಲು ನಾಚಿಕೊಂಡಿರಬಹುದು.

ಇದೆಲ್ಲ ಸಿನಿಮಾ ಪತ್ರಿಕೆಯಲ್ಲಿ ಯಾಕೆ ಅಂತ ಮೂಗು ಮುರಿಯೋರಿಗೆ ಒಂದು ಮಾತು. 'ಟೂಂಬ್ ರೈಡರ್' (2001) ನೋಡಿ ಶಿಳ್ಳೆ ಹೊಡೆದವರು ನಮ್ಮಲ್ಲೂ ಇದ್ದೀರಿ ತಾನೆ? ಆ ಏಂಜೆಲಿನಾ ಜೋಲಿ 2015ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತಾನೇ ಲೇಖನ ಬರೆದು ಹೇಳಿಕೊಂಡಳು, ನನ್ನ ಎರಡೂ ಅಂಡಾಶಯ ತೆಗೆಸಿದೆ ಅಂತ. ಆಗ ಅವಳಿಗೆ 39. ಅವಳ ತಾಯಿ 2007ರಲ್ಲಿ, 56 ವರ್ಷಕ್ಕೇ, ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಬಿಆರ್‌ಸಿಎ1 ಅನ್ನೋ ಜೀನಿನ ದೋಷ ಮಗಳಿಗೂ ಬಂದಿತ್ತು. ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 50 ಅಂತ ಡಾಕ್ಟರು ಹೇಳಿದ್ದರು. 2013ರಲ್ಲೇ ಎರಡೂ ಸ್ತನ ತೆಗೆಸಿದ್ದಳು. ಆಮೇಲೆ ಒಂದು ರಕ್ತ ಪರೀಕ್ಷೆಯಲ್ಲಿ ಅನುಮಾನ ಬಂತು. ದೊಡ್ಡ ಪರೀಕ್ಷೆಯ ಫಲಿತಾಂಶಕ್ಕೆ ಐದು ದಿನ ಕಾಯಬೇಕಾಯ್ತು. ತೆರೆಯ ಮೇಲೆ ಎರಡು ಕೈಲೂ ಪಿಸ್ತೂಲು ಹಿಡಿದು ಕುಣಿಯೋ ಹೆಂಗಸು ಆ ಐದು ದಿನ ಏನು ಮಾಡಿದಳು ಗೊತ್ತಾ? ಮಂಜು ಕವಿದವಳ ಹಾಗೆ ಮಕ್ಕಳ ಫುಟ್‌ಬಾಲ್ ಆಟ ನೋಡಿಕೊಂಡು, ಮನಸ್ಸು ಕೈಬಿಡದಂತೆ ಹಿಡಿದುಕೊಂಡು ಕಳೆದೆ ಅಂತ ಬರೆದಿದ್ದಾಳೆ. ನಿಮ್ಮಮ್ಮ ಬೀರು ಕೀಲಿ ತೋರಿಸ್ತಾಳೆ, ಅವಳು ಫುಟ್‌ಬಾಲ್ ನೋಡಿದಳು. ಭಯ ಎರಡೂ ಕಡೆ ಒಂದೇ.

ಗಮನಿಸಬೇಕಾದ್ದು ಇನ್ನೊಂದಿದೆ. ಜೋಲಿ ಗರ್ಭಕೋಶ ತೆಗೆಸಲಿಲ್ಲ! ತನ್ನ ವಂಶದಲ್ಲಿ ಆ ಜಾಗದ ಕ್ಯಾನ್ಸರ್ ಇಲ್ಲ, ಅದಕ್ಕೆ ಇರಲಿ ಅಂದಳು. ಯಾವುದು ತೆಗೆಯಬೇಕು, ಯಾವುದು ಉಳೀಬೇಕು ಅಂತ ಡಾಕ್ಟರ ಎದುರು ಕೂತು ಬಿಡಿಸಿ ಕೇಳಿ ತೀರ್ಮಾನಿಸಿದಳು. ಆಮೇಲೆ ಮುಟ್ಟು ನಿಂತಿತು. ಅದಕ್ಕೆ ಮೈಗೆ ಅಂಟಿಸೋ ಈಸ್ಟ್ರೋಜನ್ ಪಟ್ಟಿ ಹಾಕಿಕೊಂಡಳು. ಗರ್ಭಕೋಶ ಇದ್ದದ್ದರಿಂದ ಅದರ ರಕ್ಷಣೆಗೆ ಪ್ರೊಜೆಸ್ಟರಾನ್ ಕೂಡ ಬೇಕಾಯಿತು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕಾಗುತ್ತದೆ. ಎಲ್ಲರಂತೆ ಎಲ್ಲರೂ ಆಪರೇಷನ್ ಮಾಡಿಸಿ ಅಂತ ಅವಳು ಬರೆಯಲಿಲ್ಲ. ದಾರಿ ಬೇರೆಬೇರೆ ಇವೆ, ತಿಳಿದುಕೊಂಡು ಆರಿಸಿಕೊಳ್ಳಿ ಅಂದಳು.

ನಮ್ಮ 'ಬಾಂಬೆ' ಚಿತ್ರದ ಮನೀಷಾ ಕೊಯಿರಾಲಾಗೂ 2012ರಲ್ಲಿ ಅಂಡಾಶಯದ ಕ್ಯಾನ್ಸರ್ ಬಂದು ನ್ಯೂಯಾರ್ಕಿನಲ್ಲಿ ದೊಡ್ಡ ಆಪರೇಷನ್ ಆಯಿತು. 'ಸಂಜು' (2018) ಚಿತ್ರದಲ್ಲಿ ನರ್ಗಿಸ್ ಪಾತ್ರ ಮಾಡಿದ್ದು ಅದಾದ ಮೇಲೇನೇ. ಕ್ಯಾನ್ಸರ್ ಇದ್ದಾಗ ಲೆಕ್ಕ ಬೇರೆ, ಅಲ್ಲಿ ಉಳಿಸಿಕೊಳ್ಳೋ ಮಾತು ಕಡಿಮೆ. ನಿಮ್ಮಮ್ಮನದು ಫೈಬ್ರಾಯ್ಡ್. ಈ ಗಡ್ಡೆಗಳು ಹೆಚ್ಚುಕಡಿಮೆ ಎಲ್ಲವೂ ಕ್ಯಾನ್ಸರ್ ಅಲ್ಲದ ಗಡ್ಡೆಗಳೇ. ಈ ಒಂದು ಮಾತು ಅಮ್ಮನಿಗೆ ಯಾರಾದರೂ ಹೇಳಿದ್ದಾರಾ? ಇಲ್ಲ ಅಂತಲೇ ನನ್ನ ಅನುಮಾನ.

ಹಾಗಾಗಿ ಮೂರು ವಾರ ಇದೆಯಲ್ಲ, ಒಂದು ನೋಟ್‌ಬುಕ್ ತಗೋ. ಅಭಿಮಾನಿ ಸಂಘದ ಲೆಕ್ಕ ಬರೀತೀಯಲ್ಲ, ಹಾಗೇ ಬರಿ. ಅಂಡಾಶಯ ಯಾಕೆ ತೆಗೀಬೇಕು, ಅದರಲ್ಲಿ ಏನಾದರೂ ದೋಷ ಕಂಡಿದೆಯಾ? ಉಳಿಸಿದರೆ ಏನಾಗುತ್ತೆ? "ಮುಂದೆ ತಲೆನೋವಿಲ್ಲ" ಅನ್ನೋ ಒಂದು ಮಾತು 43 ವರ್ಷದ ಹೆಂಗಸಿಗೆ ಸಾಲದು. ಮಾತ್ರೆ, ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಸಾಧನ, ಗಡ್ಡೆ ಮಾತ್ರ ತೆಗೆಯೋ ಆಪರೇಷನ್, ಇವು ಅಮ್ಮನಿಗೆ ಆಗುತ್ತಾ? ಆಗಲ್ಲ ಅಂದರೆ ಯಾಕೆ? ಎರಡೂ ತೆಗೆಯಲೇಬೇಕಾದರೆ ಆಮೇಲೆ ಹಾರ್ಮೋನ್ ಔಷಧ ಕೊಡ್ತೀರಾ, ಎಷ್ಟು ವರ್ಷ? ಸ್ತನದ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟೋ ತೊಂದರೆ ಇದ್ದವರಿಗೆ ಅದು ಸಾಮಾನ್ಯವಾಗಿ ಆಗಿಬರೋದಿಲ್ಲ, ಅಮ್ಮನಿಗೆ ಅಂಥದ್ದೇನಾದರೂ ಇದ್ದರೆ ಮೊದಲೇ ಹೇಳಬೇಕು. ಅಂಥವರಿಗೆ ಬೇರೆ ಮಾತ್ರೆಗಳೂ ಇವೆ.

ಡಾಕ್ಟರು ರೇಗಿದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗು. ಇದು ಅವಮಾನ ಅಲ್ಲ. 2015ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಡದೇ ಇದ್ದರೂ ಗರ್ಭಕೋಶ ತೆಗೆದರು ಅಂತ ದೊಡ್ಡ ಗಲಾಟೆ ಆಗಿ ತನಿಖೆಯಾಯಿತು. ಇಂಥ ಬೇಡದ ಆಪರೇಷನ್ ತಡೆಯೋ ನಿಯಮ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಹಾಗಂತ ಎಲ್ಲ ಡಾಕ್ಟರೂ ವಿಲನ್ ಅಂತ ತಿಳೀಬೇಡ. ಹಿಮೋಗ್ಲೋಬಿನ್ 7ಕ್ಕೆ ಇಳಿದ ಹೆಂಗಸಿಗೆ ಗರ್ಭಕೋಶ ತೆಗೆಯೋದು ಎಷ್ಟೋ ಸಲ ಹೊಸ ಜೀವ ಕೊಟ್ಟ ಹಾಗೆ. ಎರಡು ವರ್ಷದ ಸುಸ್ತು ಇಳಿದು ಎದ್ದು ಓಡಾಡೋರನ್ನು ನಾನೇ ನೋಡಿದ್ದೇನೆ.

ಸಿನಿಮಾದಲ್ಲಿ ನೋಡಿದ್ದೀಯಲ್ಲ, ಕೆಂಪು ಬಲ್ಬು, ಗೋಡೆ ಗಡಿಯಾರ, "ಇಲ್ಲಿ ಸೈನ್ ಮಾಡಿ, ಗ್ಯಾರಂಟಿ ಕೊಡೋಕಾಗಲ್ಲ" ಅಂತ ನರ್ಸ್ ಕಾಗದ ಹಿಡಿದು ಬರೋದು? ಹೀರೋ ಕೈ ನಡುಗುತ್ತೆ, ಮ್ಯೂಸಿಕ್ ಏರುತ್ತೆ! ನಿಜ ಜೀವನದಲ್ಲಿ ಹರ್ನಿಯಾ ಆಪರೇಷನ್‌ಗೂ ಆ ಕಾಗದ ಇದೆ. ಅದನ್ನು ನೋಡಿ ನಡುಗೋದಲ್ಲ, ಓದಬೇಕು. ಏನೇನು ತೆಗೀತಾರೆ ಅಂತ ಅದರಲ್ಲೇ ಬರೆದಿರಬೇಕು. ಸಹಿ ಅಮ್ಮನದು, ಅಪ್ಪನದೂ ಅಲ್ಲ ನಿನ್ನದೂ ಅಲ್ಲ. ದೆಹಲಿಯಲ್ಲಿ ಪರೀಕ್ಷೆಗೆ ಅಂತ ಮಲಗಿದ್ದ ಒಬ್ಬಾಕೆಗೆ, ಅವರ ತಾಯಿಯ ಒಪ್ಪಿಗೆ ಮೇಲೆ ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದಿದ್ದ ಕೇಸಿನಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲದಾಗ, ಬುದ್ಧಿ ಸರಿಯಿರೋ ವಯಸ್ಕಳ ಪರವಾಗಿ ಬೇರೆಯವರು ಒಪ್ಪಿಗೆ ಕೊಡೋ ಹಾಗಿಲ್ಲ. ಆ ತೀರ್ಪು ಬಂದ ವರ್ಷವೇ ನಾನು ಟ್ರಂಕಿನಿಂದ ಅಮ್ಮನ ಚೀಟಿ ತೆಗೆದದ್ದು.

ಇನ್ನು ಮಾತು ಹೇಗೆ ಶುರು ಮಾಡೋದು ಅಂತ ಕೇಳಿದೆಯಲ್ಲ. ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಡೈಲಾಗ್ ಹೊಡೀಬೇಡ. ಅಮ್ಮ ಅವರೆಕಾಯಿ ಸುಲಿಯೋವಾಗ ನೀನೂ ಪಕ್ಕದಲ್ಲಿ ಕೂತು ಸುಲಿ. ಕೈ ಕೆಲಸದಲ್ಲಿದ್ದರೆ ಬಾಯಿ ಬಿಡುತ್ತದೆ. "ಅಮ್ಮಾ, ಯಾವುದಕ್ಕೆ ಜಾಸ್ತಿ ಹೆದರಿಕೆ?" ಅನ್ನು, ಸುಮ್ಮನಿರು. ಸತ್ತುಹೋಗ್ತೀನಿ ಅನ್ನೋ ಭಯವೋ, ಕ್ಯಾನ್ಸರ್ ಅನ್ನೋ ಭಯವೋ, ಇನ್ನು ನಿಮ್ಮಪ್ಪ ತನ್ನನ್ನು ಹೆಂಗಸು ಅಂತ ನೋಡಲ್ಲ ಅನ್ನೋದೋ, ದುಡ್ಡೋ, ಅಥವಾ ಒಂದೂವರೆ ತಿಂಗಳು ಅಡಿಗೆ ಯಾರು ಮಾಡ್ತಾರೆ ಅನ್ನೋದೋ. ನಗಬೇಡ, ನಮ್ಮ ತಾಯಂದಿರಿಗೆ ಈ ಕೊನೇದೇ ಎಷ್ಟೋ ಸಲ ದೊಡ್ಡದು! ಸತ್ತುಹೋಗೋ ಭಯಕ್ಕೆ ಅರಿವಳಿಕೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿಸು, ಏನು ಕೊಡ್ತಾರೆ, ಯಾವಾಗ ಎಚ್ಚರ ಆಗುತ್ತೆ ಅಂತ ಅವರ ಬಾಯಿಂದಲೇ ಕೇಳಲಿ. ಅಡಿಗೆ ಭಯಕ್ಕೆ ಈಗಲೇ ನೀನು ಅನ್ನ ಸಾರು ಕಲಿ. ತಂಗಿಯ ತಲೆ ಮೇಲೆ ಹಾಕಬೇಡ.

"ಟೆನ್ಷನ್ ಮಾಡ್ಕೋಬೇಡಮ್ಮಾ" ಅಂತ ಮಾತ್ರ ಅನ್ನಬೇಡ. ಆ ಮಾತಿನಿಂದ ಟೆನ್ಷನ್ ಕಮ್ಮಿಯಾದ ಒಬ್ಬರನ್ನೂ ನಾನು ಕಂಡಿಲ್ಲ. ರಾತ್ರಿ ಎದ್ದು ಕೂತರೆ ನೀನೂ ಎದ್ದು ಕೂರು. ಸಂಜೆ ಮೇಲೆ ಕಾಫಿ ಬೇಡ. ಉಸಿರು ನಿಧಾನಕ್ಕೆ ಒಳಗೆ ಎಳೆದು, ಅದಕ್ಕಿಂತ ನಿಧಾನಕ್ಕೆ ಬಿಡೋದನ್ನ ಇಬ್ಬರೂ ಕೂತು ಹತ್ತು ನಿಮಿಷ ಮಾಡಿ. ಇಷ್ಟಕ್ಕೂ ನಿದ್ದೆ ಬರದೆ, ಊಟ ಸೇರದೆ ಇದ್ದರೆ ಡಾಕ್ಟರಿಗೆ ಹೇಳು. ಇಲ್ಲವಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರಲ್ಲಿ ಶುರುವಾಗಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮನಸ್ಸಿನ ಡಾಕ್ಟರು ಅಂದರೆ ಹುಚ್ಚು ಅಂತ ಪಕ್ಕದ ಮನೆ ಅತ್ತೆ ಬಂದರೆ, ಕಾಫಿ ಕೊಟ್ಟು ಕಳಿಸು.

ಅಂದ ಹಾಗೆ ಕಾರ್ಯದರ್ಶಿಗಳೇ! ಬಾಸ್ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ ಮಾಡ್ತೀರಲ್ಲ, ಈಗ ನಿಮ್ಮ ಮನೆಗೇ ಬೇಕಾಗಬಹುದು. ಹಿಮೋಗ್ಲೋಬಿನ್ 7 ಅಂದರೆ ಆಪರೇಷನ್‌ಗೆ ಮೊದಲೇ ಕಬ್ಬಿಣದ ಔಷಧವನ್ನೋ ರಕ್ತವನ್ನೋ ಕೊಟ್ಟು ಏರಿಸಬೇಕಾಗುತ್ತದೆ. ಎಷ್ಟು ಬಾಟಲಿ ಅಂತ ಈಗಲೇ ಕೇಳಿಟ್ಟುಕೋ. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು. ಹೋದ ತಿಂಗಳು ಕೊಟ್ಟವರನ್ನ ಬಿಟ್ಟು ಬೇರೆಯವರ ಪಟ್ಟಿ ಮಾಡು.

ಆಪರೇಷನ್ ಆದ ಮೇಲೆ ಸುಮಾರು ಆರು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಅಮ್ಮ ಎತ್ತಬಾರದು. ಹಾಗಂತ ಮಂಚ ಬಿಟ್ಟು ಏಳಲೇಬಾರದು ಅಂತಲ್ಲ. ಡಾಕ್ಟರು ಹೇಳಿದ ಕೂಡಲೇ ಮೆಲ್ಲಗೆ ನಡೆಸಬೇಕು, ಕಾಲಲ್ಲಿ ರಕ್ತ ಹೆಪ್ಪುಗಟ್ಟದೆ ಇರಲು ಅದೇ ಒಳ್ಳೇದು. ಜ್ವರ, ಜಾಸ್ತಿ ರಕ್ತ, ಕಾಲು ಊತ, ಉಸಿರು ಕಟ್ಟೋದು ಕಂಡರೆ ಬೆಳಗಾಗಲಿ ಅಂತ ಕಾಯಬೇಡ. ಮಂಚದ ಪಕ್ಕ ಟೇಬಲ್ ಫ್ಯಾನು, ತಣ್ಣೀರು, ಹತ್ತಿ ಸೀರೆ ಇರಲಿ. ಅಮ್ಮ ರೇಗಿದರೆ ರೇಗಲಿ, ಕಾರಣ ನಿನಗೆ ಗೊತ್ತು. ತಿಂಗಳುಗಟ್ಟಲೆ ಹಾಗೇ ಇದ್ದರೆ ಸಹಿಸಿಕೊಳ್ಳೋದು ಅಂತ ಬಿಡಬೇಡ, ಡಾಕ್ಟರ ಹತ್ತಿರ ವಾಪಸ್ ಹೋಗಿ. ಔಷಧ ಇದೆ.

ನಿಮ್ಮಪ್ಪನಿಗೆ ಈ ಪುಟ ಓದೋಕೆ ಕೊಡು. ಕೈಗೆ ಕೊಡೋಕೆ ಸಂಕೋಚ ಆದರೆ ಟೀವಿ ಮೇಲೋ ರೇಡಿಯೋ ಪಕ್ಕವೋ ಇಟ್ಟು ಹೊರಗೆ ಹೋಗು. ಚಪ್ಪಲಿ ಮೆಟ್ಟಿ ಹೋಗೋ ಗಂಡಸರು ಎಷ್ಟೋ ಜನ ಹೆದರಿಕೊಂಡೇ ಹೋಗೋದು. ಯಜಮಾನರೇ, ನಿಮಗೊಂದು ಮಾತು: ಆರು ವಾರ ತಾಳ್ಮೆ, ಆಮೇಲೆ ಡಾಕ್ಟರ ಮಾತು ಕೇಳಿ, ಒಣಗೋದು ನೋಯೋದು ಇದ್ದರೆ ಅದಕ್ಕೂ ಮುಲಾಮಿದೆ. ಗಂಡ ಹೆಂಡತಿ ಬಾಳು ಅಲ್ಲಿಗೆ ಮುಗಿಯೋದಿಲ್ಲ. ಈಗ ಸದ್ಯಕ್ಕೆ ಪಕ್ಕದಲ್ಲಿ ಕೂತುಕೊಳ್ಳಿ, ಸಾಕು.

ತಮ್ಮಾ, ಡಿಸ್ಚಾರ್ಜ್ ಚೀಟಿ ಬಂದ ದಿನವೇ ಡಾಕ್ಟರ ಹತ್ತಿರ ಕನ್ನಡದಲ್ಲಿ ಹೇಳಿಸಿಕೊಂಡು ಅದರ ಹಿಂದೆ ನಿನ್ನ ಕೈಬರಹದಲ್ಲಿ ಬರೆದಿಡು. ಫೋಟೋನೂ ಹೊಡಕೋ, ಮೊಬೈಲ್ ಅಂಗಡಿಯವನಿಗೆ ಅದು ಹೇಳಿಕೊಡಬೇಕಾ! ಅಮ್ಮ ಎದ್ದು ಓಡಾಡೋ ಹಾಗಾದ ಮೇಲೆ ನನಗೊಂದು ಕಾರ್ಡು ಹಾಕು. ಅಂಡಾಶಯದ ವಿಷಯದಲ್ಲಿ ಏನು ತೀರ್ಮಾನ ಆಯಿತು, ಅದನ್ನ ಮರೀದೆ ಬರಿ.

ಬಾಸ್ ಜಗಳದ ಕಾಗದಗಳಿಗೆ ಮುಂದಿನ ವಾರ.